ಒಂದೊಂದು ಕಡೆ ಆರಾರು ನಿಮಿಷ

ಬಸವರಾಜೇಶ್ವರಿಗೆ ಅಡುಗೆ ಹೇಳಿಕೊಡುವ ಜೀವ ಶಿವಮೊಗ್ಗದ ವಿನೋಬನಗರದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವಳೇ ಹೇಳಿಕೊಳ್ಳುತ್ತಿದ್ದಳು, ಬೇರೆಯವರೂ ಒಪ್ಪುತ್ತಿದ್ದರು. ಹೋಳಿಗೆಯ ಕಣಕಕ್ಕೆ ಎಷ್ಟು ಎಣ್ಣೆ ಎಂದು ಯಾರಾದರೂ ಕೇಳಿದರೆ "ಅದು ಕೇಳಿದಷ್ಟು" ಎನ್ನುವಳು. ಸಾರಿಗೆ ಉಪ್ಪೆಷ್ಟು ಎಂದರೆ "ಕೈಗೆ ಬಂದಷ್ಟು". ಓಣಿಯ ಹೊಸ ಸೊಸೆಯಂದಿರು ಮೊಬೈಲ್ ಮುಂದಿಟ್ಟುಕೊಂಡು ಚಮಚದಲ್ಲಿ ಅಳೆಯುವುದನ್ನು ಕಂಡರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. "ಅಡುಗೆ ಮಾಡ್ತಿದ್ದೀಯೋ, ಔಷಧಿ ಅರೀತಿದ್ದೀಯೋ ಮಾರಾಯ್ತಿ?" ಎಂದು ಮುಖಕ್ಕೇ ಕೇಳಿಬಿಡುವಳು. ಅವಳ ಮನೆಯಲ್ಲಿ ಲಿಂಗಪೂಜೆ ಮುಗಿದು ಎಡೆ ಹಿಡಿಯುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಹಾಗಾಗಿ ಮದುವೆಯಾಗಿ ಬಂದ ಮೂವತ್ತೊಂದು ವರ್ಷ ಅವಳು ರುಚಿ ನೋಡಿ ಅಡುಗೆ ಮಾಡಿದವಳೇ ಅಲ್ಲ, ಮೂಗಿನಿಂದ ಮಾಡಿದವಳು. ಬೇಳೆ ಬೆಂದಿತೋ ಇಲ್ಲವೋ, ಒಗ್ಗರಣೆ ಸೀದಿತೋ, ಸಾರಿಗೆ ಹುಳಿ ಬಿದ್ದಿತೋ ಮರೆತುಹೋಯಿತೋ, ಎಲ್ಲವನ್ನೂ ಹಜಾರದಲ್ಲಿ ಕೂತೇ ಹೇಳುತ್ತಿದ್ದಳು.

ಅಂಥ ಹೆಂಗಸು ಈ ವರ್ಷ ಒಂದು ಹಾಳೆಗೆ ಶರಣಾಗಿ ಅಡುಗೆ ಮಾಡಿದಳು. ಅದೂ ಏನು, ಕೋಳಿಯ ಅಡುಗೆ.

ತನುಜಾ ಅವಳ ಒಬ್ಬಳೇ ಮಗಳು, ಇಪ್ಪತ್ತೇಳು ವರ್ಷದವಳು. ಶಂಕರಘಟ್ಟದಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂ.ಎ. ಮುಗಿಸಿ, ಊರಿನಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಸಂಕ್ರಾಂತಿ ಕಳೆಯುತ್ತಿದ್ದಂತೆ ಸುಸ್ತು ಶುರುವಾಯಿತು. ಆಮೇಲೆ ಬಿಟ್ಟು ಬಿಟ್ಟು ಜ್ವರ, ಆಮೇಲೆ ತೋಳಿನ ಮೇಲೆ ಸುಮ್ಮಸುಮ್ಮನೆ ನೀಲಿ ಕಲೆ. ಪರೀಕ್ಷೆ ಮಾಡಿ ರಕ್ತದ ಕ್ಯಾನ್ಸರ್ ಎಂದರು. ಎರಡು ಸುತ್ತು ಕೀಮೋ ಮುಗಿಯುವಷ್ಟರಲ್ಲಿ ಐವತ್ತೆರಡು ಕಿಲೋ ಇದ್ದ ಹುಡುಗಿ ಮೂವತ್ತೆಂಟಕ್ಕೆ ಇಳಿದಳು. ಬಾಯಿ ತುಂಬ ಹುಣ್ಣು. ನಾಲಿಗೆಗೆ ಉಪ್ಪು, ಹುಳಿ ಯಾವುದೂ ತಿಳಿಯುತ್ತಿರಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲಿ ಮಲಗಿರುತ್ತಿದ್ದಳು.

ಡಾಕ್ಟರ್ ಪ್ರಿಯಂವದಾ ಕಡ್ಡಿ ಮುರಿದಂತೆ ಹೇಳಿದ್ದರು. "ಕಾಯಿಲೆ ಔಷಧಿಗೆ ಬಗ್ತಾ ಇದೆ. ಆದ್ರೆ ಮುಂದಿನ ಸುತ್ತು ತಡ್ಕೊಳ್ಳೋಕೆ ಮೈಯಲ್ಲಿ ಏನಾದ್ರೂ ಇರಬೇಕಲ್ಲ? ನಲವತ್ತೆರಡು ಕಿಲೋ ಮಾಡ್ಕೊಂಡು ಬನ್ನಿ, ಆಮೇಲೆ ಕೀಮೋ. ತಡ ಮಾಡಿದ್ರೆ ಕಾಯಿಲೆ ಮತ್ತೆ ತಲೆ ಎತ್ತುತ್ತೆ. ಇನ್ನೊಂದು ವಿಷ್ಯ. ಅವಳ ರಕ್ತದಲ್ಲಿ ಸೋಂಕು ತಡೆಯೋ ಶಕ್ತಿ ಈಗ ಇಲ್ಲವೇ ಇಲ್ಲ. ಹಸೀದು ಏನೂ ಬೇಡ. ಎಲ್ಲ ಚೆನ್ನಾಗಿ ಬೆಂದಿರಬೇಕು, ಮಾಡಿದ ಒಂದು ಗಂಟೆಯೊಳಗೆ ತಿನ್ನಿಸ್ಬೇಕು." ಪಥ್ಯದ ಪಟ್ಟಿ ಬರೆಯುವ ಹುಡುಗಿ "ಮೊಟ್ಟೆ, ಮಾಂಸ ತಿಂತೀರಾ?" ಎಂದು ಕೇಳಿದಳು. ಬಸವರಾಜೇಶ್ವರಿಯ ಗಂಡ ಷಣ್ಮುಖಪ್ಪ, ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, "ಇಲ್ಲಮ್ಮ, ನಾವು ಲಿಂಗಾಯಿತರು" ಎಂದರು. ಆ ಹುಡುಗಿ ಪನೀರು, ಸೋಯಾ, ಬೇಳೆಕಟ್ಟು ಎಂದು ಬರೆದುಕೊಟ್ಟಳು.

ಪನೀರು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ರಾಗಿ ಗಂಜಿ ಕಂಡರೆ ತನುಜಾ ಮುಖ ತಿರುಗಿಸುತ್ತಿದ್ದಳು. ಬೇಳೆಕಟ್ಟು ಎರಡು ಚಮಚ ಹೋದರೆ ನಾಲ್ಕು ಚಮಚ ವಾಪಸು ಬರುತ್ತಿತ್ತು. ಬಸವರಾಜೇಶ್ವರಿ ಮೂವತ್ತೊಂದು ವರ್ಷದ ವಿದ್ಯೆಯನ್ನೆಲ್ಲ ಒಲೆಯ ಮುಂದೆ ಸುರಿದಳು, ಒಂದೂ ನಡೆಯಲಿಲ್ಲ. ತಕ್ಕಡಿಯ ಮುಳ್ಳು ಮೂವತ್ತೆಂಟರಿಂದ ಅಲ್ಲಾಡಲಿಲ್ಲ.

ಒಂದು ಮಧ್ಯಾಹ್ನ ತನುಜಾ ಅಮ್ಮನ ಸೆರಗು ಹಿಡಿದು ಕೂರಿಸಿಕೊಂಡಳು.

"ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ ಅಮ್ಮ. ಸಮತಾ ಮಾಡ್ತಾಳಲ್ಲ, ಚಿಕನ್ ಸಲಾಡ್, ಅದೊಂದು ತಿನ್ನಬೇಕು ಅನ್ನಿಸ್ತಿದೆ. ಬೇರೆ ಯಾವುದು ನೆನೆಸ್ಕೊಂಡ್ರೂ ವಾಕರಿಕೆ ಬರುತ್ತೆ."

ಬಸವರಾಜೇಶ್ವರಿ ಸೆರಗು ಬಿಡಿಸಿಕೊಂಡಳು. "ಯಾವಾಗಿಂದ ಇದು?" ಎಂದಳು.

"ಎಂ.ಎ. ಮೊದಲನೇ ವರ್ಷದಿಂದ. ಭದ್ರಾವತೀಲಿ ಅವಳ ಮನೆಗೆ ಹೋದಾಗೆಲ್ಲ ತಿಂದಿದ್ದೀನಿ. ಅಪ್ಪಾಜಿಗೆ ಹೇಳ್ಬೇಡ."

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಗು, ಹೀಗೆ ಮಾಡಿತಲ್ಲ! ಹತ್ತು ನಿಮಿಷ ಮಗಳ ಮೇಲೆ, ಆ ಸಮತಾಳ ಮೇಲೆ, ಶಂಕರಘಟ್ಟದ ಹಾಸ್ಟೆಲ್ಲಿನ ಮೇಲೆ ಉರಿದುಬಿದ್ದಳು. ಹನ್ನೊಂದನೆಯ ನಿಮಿಷಕ್ಕೆ ಮುಖ ತೊಳೆದುಕೊಂಡಳು. ಮಗಳೇ ಇಲ್ಲದ ಮನೆಯಲ್ಲಿ ಈ ಮಡಿ ಕಟ್ಟಿಕೊಂಡು ನಾನೇನು ಮಾಡಲಿ, ಸುಟ್ಟುಹೋಗಲಿ ಎಂದುಕೊಂಡಳು. ಗಂಡನಿಗೆ ಮಾತ್ರ ತಿಳಿಯಕೂಡದು. ದಿನವೂ ಒಂದೂವರೆ ಗಂಟೆ ಪೂಜೆಗೆ ಕೂರುವ ಮನುಷ್ಯ, ಈ ಮನೆಯಲ್ಲಿ ಕೋಳಿ ಬೆಂದಿತು ಎಂದು ಗೊತ್ತಾದರೆ ನೀರು ಕೂಡ ಮುಟ್ಟಲಾರರು.

ಸಮತಾ ತನುಜಾಳ ಜೊತೆಗೆ ಓದಿದವಳು. ಭದ್ರಾವತಿಯ ಹೊಸಮನೆಯಲ್ಲಿ ಅವಳ ಮನೆ, ಅಪ್ಪ ಕಾಂತರಾಜ್ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಓದಿದ್ದು ಏನೇ ಇರಲಿ, ಆಟದಲ್ಲಿ ಮುಂದಿದ್ದ ಹುಡುಗಿ ಈಗ ಶಿವಮೊಗ್ಗದ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಳು, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಭಾನುವಾರ ಬಸವರಾಜೇಶ್ವರಿ ತಂಗಿಯ ಮನೆಗೆಂದು ಸುಳ್ಳು ಹೇಳಿ ಭದ್ರಾವತಿಯ ಬಸ್ಸು ಹತ್ತಿದಳು.

"ಆಂಟಿ, ನೀವಾ!" ಎಂದು ಸಮತಾ ಬಾಯಿ ಬಿಟ್ಟಳು. ವಿಷಯ ಕೇಳಿ ಅವಳ ಕಣ್ಣು ತುಂಬಿತು. ಆಮೇಲೆ ಅಡುಗೆಮನೆಯಲ್ಲಿ ಒಂದು ಸಲ ಮಾಡಿ ತೋರಿಸಿದಳು. ಬಸವರಾಜೇಶ್ವರಿ ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲ ಈಚೆಯೇ ನಿಂತಳು. ಅಲ್ಲಿಂದ ಕಂಡದ್ದು ಸಮತಾಳ ಬೆನ್ನು ಮತ್ತು ಹೊಗೆ ಅಷ್ಟೆ. ಚೊಂಯ್ ಎಂದು ಸದ್ದಾದಾಗ ಹಿತ್ತಲಿಗೆ ಓಡಿದಳು.

"ನೋಡೋಕಾಗಲ್ಲ ಕಣಮ್ಮ, ಬರೆದುಕೊಡು," ಎಂದಳು. "ಒಂದಕ್ಷರ ಬಿಡಬೇಡ. ನೀನು ಬರೆದ ಹಂಗೇ ಮಾಡ್ತೀನಿ."

ಸಮತಾ ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆದಳು. ಬೋನ್‌ಲೆಸ್ ಬ್ರೆಸ್ಟ್ ಇನ್ನೂರು ಗ್ರಾಂ. ನಿಂಬೆರಸ ಒಂದು ಚಮಚ, ಕಾಳುಮೆಣಸಿನ ಪುಡಿ ಅರ್ಧ, ಉಪ್ಪು ಅರ್ಧ, ಜಜ್ಜಿದ ಬೆಳ್ಳುಳ್ಳಿ ಎರಡೆಸಳು, ಎಣ್ಣೆ ಒಂದು ಚಮಚ ಸವರಿ ಅರ್ಧ ಗಂಟೆ ಬಿಡಿ. ಗ್ರಿಲ್ ಪ್ಯಾನ್ ಚೆನ್ನಾಗಿ ಕಾಯಬೇಕು. ಒಂದೊಂದು ಕಡೆ ಆರಾರು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ ಆಂಟಿ, ಚರ್ಮದ ಥರ ಆಗುತ್ತೆ, ತನುಗೆ ಅಗಿಯೋಕಾಗಲ್ಲ. ಐದು ನಿಮಿಷ ಮುಚ್ಚಿಟ್ಟು ಸಣ್ಣಗೆ ಕತ್ತರಿಸಿ. ತರಕಾರಿ ಜೊತೆ ಕಲಸಿ, ಮೇಲೆ ನಿಂಬೆ ಹಿಂಡಿ.

ತರಕಾರಿಯ ಬಗ್ಗೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಸಲಾಡು ಎಂದರೆ ಸೌತೆಕಾಯಿ, ಟೊಮೆಟೊ, ಸೊಪ್ಪು ಎಲ್ಲ ಹಸಿಯಾಗಿಯೇ ಹಾಕುವುದು, ಡಾಕ್ಟರು ಹಸೀದು ಬೇಡ ಎಂದಿದ್ದಾರೆ, ಹಾಗಾದರೆ ಏನು ಮಾಡುವುದು? ಕೊನೆಗೆ ಕ್ಯಾರೆಟ್ಟು, ಬೀನ್ಸು, ಸ್ವೀಟ್ ಕಾರ್ನ್ ಕುಕ್ಕರಿನಲ್ಲಿ ಮೂರು ಸೀಟಿ ಬೇಯಿಸುವುದು ಎಂದು ತೀರ್ಮಾನವಾಯಿತು. ಹಸಿ ತರಕಾರಿಯ ಭಯ ಅಷ್ಟಿತ್ತು. ಕೋಳಿ ಬೆಂದಿದೆಯೋ ಇಲ್ಲವೋ ಎಂದು ಹೇಗೆ ನೋಡುವುದು ಎಂಬ ಮಾತು ಮಾತ್ರ ಬರಲಿಲ್ಲ. ಸಮತಾಳಿಗೆ ಅದು ಹೇಳಿಕೊಡುವ ವಿಷಯವೆಂದೇ ಹೊಳೆಯಲಿಲ್ಲ, ಬಸವರಾಜೇಶ್ವರಿಗೆ ಅದು ಕೇಳಬೇಕಾದ ವಿಷಯವೆಂದು ಗೊತ್ತಿರಲಿಲ್ಲ.

ಮಹಡಿಯ ಮೇಲಿನ ಬಾಡಿಗೆ ಮನೆ ಮೂರು ತಿಂಗಳಿಂದ ಖಾಲಿಯಿತ್ತು. ಅಲ್ಲೊಂದು ಕರೆಂಟಿನ ಒಲೆ, ಸಮತಾ ಕೊಟ್ಟ ಗೀರುಗೀರಿನ ಪ್ಯಾನು, ಬೇರೆ ಚಾಕು, ಬೇರೆ ತಟ್ಟೆ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಟ್ಟಳು. ಮಾಂಸ ಸಮತಾಳೇ ತರುತ್ತಿದ್ದಳು. ವಾರಕ್ಕೆ ಮೂರು ಸಲ ಬೆಳಿಗ್ಗೆ ಎಂಟಕ್ಕೆ, ಷಣ್ಮುಖಪ್ಪ ಪೂಜೆಗೆ ಕೂತ ಹೊತ್ತಿಗೆ, ಗೇಟಿನ ಹತ್ತಿರ ಬಂದು ಸ್ಟೀಲಿನ ಡಬ್ಬಿ ಕೊಟ್ಟು ಶಾಲೆಗೆ ಓಡುವಳು. ಹನ್ನೊಂದಕ್ಕೆ ಷಣ್ಮುಖಪ್ಪ ಪೇಪರ್ ಓದಲು ಲೈಬ್ರರಿಗೆ ಹೋಗುವರು. ಅವರ ಸ್ಕೂಟರು ತಿರುವು ದಾಟಿದ್ದೇ ಬಸವರಾಜೇಶ್ವರಿ ಮೇಲೆ ಹತ್ತುವಳು.

ಮೂಗಿನ ಕೆಳಗೆ ದಪ್ಪಗೆ ವಿಕ್ಸ್ ಬಳಿದುಕೊಳ್ಳದೆ ಅವಳಿಗೆ ಆ ಡಬ್ಬಿ ತೆರೆಯಲು ಆಗುತ್ತಿರಲಿಲ್ಲ. ಯಾವ ಮೂಗಿನಿಂದ ಅವಳು ಅಡುಗೆ ಮಾಡುತ್ತಿದ್ದಳೋ ಆ ಮೂಗನ್ನೇ ಮುಚ್ಚಿಕೊಂಡು ಮಾಡಬೇಕಾಯಿತು. ಇನ್ನು ಉಳಿದದ್ದು ಹಾಳೆ ಒಂದೇ. ಅದನ್ನು ಗೋಡೆಗೆ ಅಂಟಿಸಿ, ಕನ್ನಡಕ ಏರಿಸಿ, ಸಾಲು ಸಾಲಿಗೆ ಬೆರಳಿಟ್ಟು ಓದಿ ಮಾಡುತ್ತಿದ್ದಳು. ಚಮಚಕ್ಕೆ ಉಪ್ಪು ಹಾಕಿ ಬೆರಳಿಂದ ಸವರಿ ಸಮ ಮಾಡುವಳು. ಆರು ನಿಮಿಷಕ್ಕೆ ಮೊಬೈಲ್ ಗಂಟೆ ಇಡುವಳು. ಓಣಿಯ ಸೊಸೆಯಂದಿರು ನೋಡಿದ್ದರೆ ಸೇಡು ತೀರಿತು ಎಂದು ನಗುತ್ತಿದ್ದರು.

"ಸ್ವಲ್ಪ ಜೀರಿಗೆ ಹಾಕೇ ಅಮ್ಮ, ನಿನ್ನ ಕೈರುಚಿ ಬರ್ಲಿ," ಎಂದು ತನುಜಾ ರೇಗಿಸಿದಳು ಒಂದು ದಿನ.

"ಹಾಳೇಲಿ ಜೀರಿಗೆ ಇಲ್ಲ. ಸುಮ್ಮನೆ ತಿನ್ನು."

ತನುಜಾ ತಿಂದಳು. ಮೊದಲ ದಿನ ನಾಲ್ಕು ತುಂಡು, ವಾರ ಕಳೆಯುವಷ್ಟರಲ್ಲಿ ಅರ್ಧ ತಟ್ಟೆ, ಆಮೇಲೆ ಪೂರಾ ತಟ್ಟೆ. ಹೊಟ್ಟೆಯಲ್ಲಿ ನಿಂತಿತು! ಬಸವರಾಜೇಶ್ವರಿ ಮೂಲೆಯಲ್ಲಿ ನಿಂತು ಮಗಳ ಗಂಟಲು ಆಡುವುದನ್ನೇ ನೋಡುತ್ತಿದ್ದಳು. ಮುಳ್ಳು ಮೂವತ್ತೊಂಬತ್ತೂವರೆಗೆ ಬಂತು, ನಲವತ್ತು ದಾಟಿತು, ಐದನೆಯ ವಾರ ನಲವತ್ತೊಂದಕ್ಕೆ ನಿಂತಿತು. ಇನ್ನೊಂದೇ ಕಿಲೋ. ಕೀಮೋಗೆ ತಾರೀಕು ಕೂಡ ಕೊಟ್ಟರು. ಆ ದಿನ ಅವಳು ಬಾಗಿಲಿಗೆ ರಂಗೋಲಿ ಹಾಕುವಾಗ ತಾನೇ ಗುನುಗಿಕೊಂಡಳು, ಎಷ್ಟೋ ತಿಂಗಳ ಮೇಲೆ.

ಆ ವಾರವೇ ಸಮತಾ ಮಕ್ಕಳನ್ನು ಕರೆದುಕೊಂಡು ಕ್ರೀಡಾಕೂಟಕ್ಕೆಂದು ಕುಂಸಿಗೆ ಹೋದಳು. "ಒಂದು ವಾರ ಆಂಟಿ, ಅಷ್ಟರಲ್ಲಿ ನೀವೇ ಒಂದೆರಡು ಸಲ ತಂದ್ಕೊಳ್ಳಿ," ಎಂದಳು. ಎರಡು ದಿನ ಬಸವರಾಜೇಶ್ವರಿ ಗಂಜಿಯಲ್ಲಿ ತಳ್ಳಿದಳು. ಮೂರನೆಯ ದಿನ ತನುಜಾ ಗಂಜಿಯನ್ನು ವಾಂತಿ ಮಾಡಿದಳು. ತಕ್ಕಡಿ ಅರ್ಧ ಕಿಲೋ ಇಳಿಸಿ ತೋರಿಸಿತು. ಇದ್ದದ್ದೂ ಹೋಗುತ್ತದಲ್ಲ ಶಿವನೇ ಎಂದುಕೊಂಡಳು.

ವಿನೋಬನಗರದಲ್ಲಿ ಕೋಳಿ ಅಂಗಡಿಯ ಮುಂದೆ ನಿಂತರೆ ಸಂಜೆಗೆ ಊರಿಗೇ ಗೊತ್ತಾಗುತ್ತದೆ. ಗುರುವಾರ ಬೆಳಿಗ್ಗೆ ಅವಳು ಆಟೋ ಹಿಡಿದು ಮಲವಗೊಪ್ಪದ ತನಕ ಹೋದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಅಂಗಡಿಯವನಿಗೆ ಹಾಳೆಯ ಮೊದಲ ಸಾಲು ಓದಿ ಹೇಳಿದಳು. "ಬೋನ್‌ಲೆಸ್ ಬ್ರೆಸ್ಟ್, ಇನ್ನೂರು ಗ್ರಾಂ."

"ಪೀಸ್ ಮಾಡ್ಲಾ ಅಮ್ಮ, ಹಂಗೇ ಕೊಡ್ಲಾ?"

ಅವಳು ಮತ್ತೆ ಹಾಳೆ ನೋಡಿದಳು. ಪೀಸಿನ ಮಾತು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. "ಹಂಗೇ ಕೊಡಪ್ಪ," ಎಂದಳು.

ಮಹಡಿಯಲ್ಲಿ ಪೊಟ್ಟಣ ಬಿಚ್ಚಿದಾಗ ಅವಳಿಗೆ ಒಂದು ಗಳಿಗೆ ಕೈ ನಿಂತಿತು. ಸಮತಾ ತರುತ್ತಿದ್ದದ್ದು ಹೀಗಿರಲಿಲ್ಲ. ಅಂಗೈಯಗಲದ ತೆಳ್ಳನೆಯ ಎರಡು ತುಂಡು ಇರುತ್ತಿದ್ದವು. ಇದು ಒಂದೇ ಗಟ್ಟಿ ಉಂಡೆ, ನಡುವೆ ಎರಡು ಬೆರಳು ದಪ್ಪ. ಸಣ್ಣ ತಕ್ಕಡಿಯ ಮೇಲಿಟ್ಟು ನೋಡಿದಳು. ಸರಿಯಾಗಿ ಇನ್ನೂರು ಗ್ರಾಂ. ಸಮತಾಳಿಗೆ ಎರಡು ಸಲ ಫೋನ್ ಮಾಡಿದಳು. ಮೈದಾನದಲ್ಲಿದ್ದ ಹುಡುಗಿ ಎತ್ತಲಿಲ್ಲ. ದಪ್ಪ ರೊಟ್ಟಿಗೆ ಹೆಚ್ಚು ಹೊತ್ತು ಬೇಕು ಎಂದು ಅವಳ ಕೈಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಂಟೆ ಹೊಡೆದಾಗ ಇನ್ನೆರಡು ನಿಮಿಷ ಬಿಡೋಣವೆಂದು ಕೈ ತಡೆಯಿತು. ಆದರೆ ಗೋಡೆಯ ಮೇಲಿನ ಹಾಳೆ ಜಾಸ್ತಿ ಬೇಡ ಆಂಟಿ ಎನ್ನುತ್ತಿತ್ತು, ತನುಗೆ ಅಗಿಯೋಕಾಗಲ್ಲ ಎನ್ನುತ್ತಿತ್ತು. ಕಂಡರಿಯದ ಅಡುಗೆಯಲ್ಲಿ ನನ್ನದೇನು ದೊಡ್ಡಸ್ತಿಕೆ ಎಂದುಕೊಂಡು ಒಲೆ ಆರಿಸಿದಳು. ಐದು ನಿಮಿಷ ಮುಚ್ಚಿಟ್ಟಳು.

ಕತ್ತರಿಸಿದಾಗ ಒಳಗೆ ನಸುಗೆಂಪಾಗಿ ಒದ್ದೆ ಒದ್ದೆಯಾಗಿತ್ತು. ಸದ್ಯ, ಇವತ್ತು ಒಣಗಿಲ್ಲ, ಎಷ್ಟು ಮೆತ್ತಗೆ ಬಂದಿದೆ ಎಂದು ಅವಳಿಗೆ ಖುಷಿಯೇ ಆಯಿತು. ಬಾಯಿಹುಣ್ಣಿನ ಹುಡುಗಿಗೆ ನೋವಾಗಬಾರದೆಂದು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ, ಕ್ಯಾರೆಟ್ಟಿನ ಜೊತೆ ಕಲಸಿ, ಪರದೆ ಎಳೆದ ಕೋಣೆಗೆ ಒಯ್ದಳು. ತನುಜಾ ತಟ್ಟೆ ಖಾಲಿ ಮಾಡಿದಳು.

"ಇಷ್ಟು ಮೆತ್ತಗೆ ಯಾವತ್ತೂ ಆಗಿರ್ಲಿಲ್ಲ ಅಮ್ಮ. ಸಮತಾಗಿಂತ ನಿಂದೇ ವಾಸಿ," ಎಂದಳು.

ಭಾನುವಾರ ಬೆಳಿಗ್ಗೆ ಭೇದಿ ಶುರುವಾಯಿತು. ಹತ್ತು ಗಂಟೆಗೆ ಮೈ ಕೆಂಡ. ಷಣ್ಮುಖಪ್ಪನವರ ತಮ್ಮ ರೇಣುಕಾಪ್ರಸಾದ್ ಕಾರು ತಂದ. ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಿಯಂವದಾ ಓಡಿಬಂದು ನೋಡಿ, ಸೂಜಿ ಚುಚ್ಚಿಸಿ, ಬಾಟಲಿ ಏರಿಸಿ, ಆಮೇಲೆ ತಾಯಿ ತಂದೆಯರನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು. ನರ್ಸುಗಳಿಬ್ಬರು ಅಲ್ಲೇ ಬರೆದುಕೊಳ್ಳುತ್ತಿದ್ದರು. ರೇಣುಕಾಪ್ರಸಾದ್ ಅಣ್ಣನ ಪಕ್ಕದಲ್ಲಿದ್ದ.

"ಒಂದು ವಾರದಲ್ಲಿ ಏನೇನು ತಿಂದಿದ್ದಾಳೆ? ಹೊರಗಿನ ತಿಂಡಿ, ಹಸಿ ತರಕಾರಿ, ಮೊಟ್ಟೆ, ಮಾಂಸ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ, ಯಾವ ಔಷಧಿ ಹಾಕ್ಬೇಕು ಅನ್ನೋದು ಅದರ ಮೇಲಿದೆ."

ಬಸವರಾಜೇಶ್ವರಿ ಗಂಡನ ಮುಖ ನೋಡಿದಳು. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಹಾಗೇ ಇತ್ತು. ಹೇಗೂ ಬೇಯಿಸಿಯೇ ಕೊಟ್ಟಿದ್ದೇನಲ್ಲ, ಹಾಳೆಯಲ್ಲಿ ಇದ್ದಂತೆಯೇ ಮಾಡಿದ್ದೇನಲ್ಲ, ಅದರಿಂದ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

"ಗಂಜಿ, ಬೇಳೆಕಟ್ಟು, ಬೆಂದ ತರಕಾರಿ," ಎಂದಳು. "ಬೇರೇನಿಲ್ಲ."

ಡಾಕ್ಟರು ಷಣ್ಮುಖಪ್ಪನವರ ಕಡೆ ತಿರುಗಿದರು. ಅವರು ಗಂಟಲು ಸರಿಮಾಡಿಕೊಂಡರು. "ಇಲ್ಲ ಡಾಕ್ಟ್ರೇ. ನಮ್ಮನೇಲಿ ಅದೆಲ್ಲ ಇಲ್ಲ. ನಾವು ಲಿಂಗಾಯಿತರು."

ಡಾಕ್ಟರು ತಲೆಯಾಡಿಸಿ ಒಳಗೆ ಹೋದರು.

ಓಡಾಟದಲ್ಲಿ ಗುರುವಾರದ ಫೋನು ಮರೆತಿದ್ದ ಸಮತಾ ಸೋಮವಾರ ಸಂಜೆ ಕುಂಸಿಯಿಂದ ಫೋನ್ ಮಾಡಿದಳು. ಬಸವರಾಜೇಶ್ವರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು. ಸಮತಾ ಗುರುವಾರದ ಮಾಂಸದ ಬಗ್ಗೆ ಕೇಳಿದಳು.

"ಸೀಳಿ ಎರಡು ಮಾಡಿದ್ರಲ್ಲ ಆಂಟಿ?"

"ಸೀಳೋದಾ? ಹಾಳೇಲಿ ಇರ್ಲಿಲ್ವಲ್ಲಮ್ಮ?"

"ನಾನು ಮನೇಲೇ ತೆಳ್ಳಗೆ ಸೀಳಿ ತರ್ತಿದ್ದೆ ಆಂಟಿ. ದಪ್ಪಗಿದ್ರೆ ಒಳಗೆ ಬೇಯಲ್ಲ. ಕತ್ತರಿಸಿದಾಗ ಯಾವ ಬಣ್ಣ ಇತ್ತು? ಬೆಳ್ಳಗಿತ್ತಾ?"

"ನಸುಗೆಂಪಿತ್ತು," ಎಂದಳು ಬಸವರಾಜೇಶ್ವರಿ. "ಮೆತ್ತಗಿತ್ತು."

ಆ ಕಡೆ ಹುಡುಗಿ ಅಳುತ್ತಾ ಹೇಳಿದಳು. "ಅದು ಹಸಿ ಆಂಟಿ. ಅದನ್ನ ಬರೀಬೇಕು ಅಂತ ನನಗೆ ಹೊಳೀಲೇ ಇಲ್ಲ. ಕೋಳಿ ತಿನ್ನೋರಿಗೆಲ್ಲ ಗೊತ್ತಿರುತ್ತಲ್ಲ. ಡಾಕ್ಟ್ರಿಗೆ ಹೇಳಿದ್ದೀರಾ? ಹೇಳಿಲ್ವಾ? ಈಗ್ಲೇ ಹೋಗಿ ಹೇಳಿ."

ಅವಳು ಎದ್ದು ಓಡಿದಳು. ವಾರ್ಡಿನಲ್ಲಿ ಡಾಕ್ಟರ್ ಪ್ರಿಯಂವದಾ ಮಂಚದ ಹತ್ತಿರವೇ ಇದ್ದರು. ಆದರೆ ಷಣ್ಮುಖಪ್ಪನೂ ಇದ್ದರು, ರೇಣುಕಾಪ್ರಸಾದನೂ ಇದ್ದ, ಮಠದಿಂದ ವಿಭೂತಿ ತಂದ ಹಿರಿಯರೊಬ್ಬರು ತನುಜಾಳ ಹಣೆಗೆ ಹಚ್ಚುತ್ತಿದ್ದರು. ಬಸವರಾಜೇಶ್ವರಿ ಬಾಯಿ ತೆರೆದಳು. ಡಾಕ್ಟರು "ಏನಮ್ಮ?" ಎಂದರು. ಎಲ್ಲರೂ ಅವಳ ಕಡೆ ತಿರುಗಿದರು.

"ಗ್ಲೂಕೋಸು ಇನ್ನೊಂದು ಬಾಟ್ಲಿ ಬೇಕಾಗುತ್ತಾ ಅಂತ," ಎಂದಳು.

ಛೆ, ಎಂಥ ನಾಲಿಗೆ ಅದು! ಎರಡು ಮಾತು ಆಡಿದ್ದರೆ ಸಾಕಿತ್ತು. ಆ ಹಾಳು ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬೆಳಗಾದ ಮೇಲೆ, ಇವರು ಸ್ನಾನ ಪೂಜೆಗೆಂದು ಮನೆಗೆ ಹೋದಾಗ ಹೇಳಿದರಾಯಿತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ಮಂಗಳವಾರ ಬೆಳಿಗ್ಗೆ ಷಣ್ಮುಖಪ್ಪ ಮನೆಗೆ ಹೊರಟ ಕೂಡಲೇ ಡಾಕ್ಟರ ಕೋಣೆಗೆ ನುಗ್ಗಿ, ನಿಂತುಕೊಂಡೇ, ಮೊದಲಿನಿಂದ ಕೊನೆಯ ತನಕ ಹೇಳಿದಳು. ಡಾಕ್ಟರು ಮಧ್ಯದಲ್ಲೇ ಫೋನ್ ಎತ್ತಿ ಔಷಧಿಯ ಹೆಸರು ಬದಲಾಯಿಸಿ ಹೇಳಿದರು. ಫೋನ್ ಇಟ್ಟ ಮೇಲೆ ಅವಳನ್ನೇ ನೋಡಿದರು.

"ಭಾನುವಾರ ಕೇಳಿದ್ದೆನಲ್ಲಮ್ಮ ನಾನು?"

"ಆವತ್ತೇ ಹೇಳಿದ್ರೆ ಏನಾದ್ರೂ..."

"ವಾಸಿಯಾಗೇ ಬಿಡ್ತಿತ್ತು ಅಂತ ನಾನು ಹೇಳೋಕಾಗಲ್ಲ. ಈ ಔಷಧಿ ಆವತ್ತೇ ಹಾಕ್ತಿದ್ದೆ. ಎರಡು ದಿನ ಹೋಯ್ತು. ಇವಳಿಗೆ ಎರಡು ದಿನ ಅಂದ್ರೆ ಬಹಳ."

ಹೊಸ ಔಷಧಿಗೆ ಜ್ವರ ಒಂದು ದಿನ ತಗ್ಗಿದಂತೆ ಕಂಡಿತು. ಬುಧವಾರ ತನುಜಾ ಕಣ್ಣು ಬಿಟ್ಟು ಅಮ್ಮನ ಕೈ ಹುಡುಕಿದಳು. "ಅಪ್ಪಾಜಿಗೆ ಗೊತ್ತಾಯ್ತಾ?" ಎಂದು ತುಟಿಯಲ್ಲೇ ಕೇಳಿದಳು. ಇಲ್ಲ ಎಂದಳು ಬಸವರಾಜೇಶ್ವರಿ. ಹುಡುಗಿ ಸಮಾಧಾನದಿಂದ ಕಣ್ಣು ಮುಚ್ಚಿದಳು. ಗುರುವಾರ ರಕ್ತದೊತ್ತಡ ಕುಸಿಯತೊಡಗಿತು, ಮೂತ್ರ ನಿಂತಿತು. ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಜೀವ ಹೋಯಿತು. ಅದೇ ಸಂಜೆ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಸಮತಾ ಗೇಟಿನ ಹೊರಗೇ ನಿಂತಿದ್ದಳು, ಒಳಗೆ ಬರುವ ಧೈರ್ಯವಾಗದೆ ಹಾಗೇ ಹೊರಟುಹೋದಳು.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟರು. ಮಧ್ಯಾಹ್ನ ಮೂರರ ಹೊತ್ತು. ಷಣ್ಮುಖಪ್ಪ ಹಜಾರದ ಕುರ್ಚಿಯಲ್ಲಿ ಕಾಲು ನೋಡಿಕೊಂಡು ಕೂತಿದ್ದರು. ಅಷ್ಟು ದಿನ ಬಸವರಾಜೇಶ್ವರಿ ಅನ್ನ ನುಂಗಿದ್ದಳೋ ಮಣ್ಣು ನುಂಗಿದ್ದಳೋ ಅವಳಿಗೇ ತಿಳಿಯದು. ಇನ್ನು ತಡೆಯಲಾಗದು ಎನ್ನಿಸಿತು. ಬಯ್ಯಲಿ, ಮನೆಯಿಂದ ಹೊರಗೆ ಹಾಕಲಿ, ಹಾಕಿದರೆ ಒಳ್ಳೆಯದೇ. ಗೋಡೆಗೊರಗಿ ನೆಲದ ಮೇಲೆ ಕೂತು, "ರೀ, ನಿಮಗೊಂದು ಹೇಳ್ಬೇಕು," ಎಂದು ಶುರುಮಾಡಿ, ಭದ್ರಾವತಿಯ ಹಾಳೆ, ಮಹಡಿಯ ಒಲೆ, ಮಲವಗೊಪ್ಪದ ಮಾಂಸ, ಒಳಗಿನ ಕೆಂಪು, ಎಲ್ಲ ಹೇಳಿದಳು.

ಷಣ್ಮುಖಪ್ಪ ತಲೆಯೆತ್ತಲಿಲ್ಲ. "ಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು?"

"ಹಸಿ ಅಂತ ಗೊತ್ತಿರ್ಲಿಲ್ಲ. ನೀನು ಮೇಲೆ ಮಾಡ್ತಿದ್ದದ್ದು ಗೊತ್ತಿತ್ತು. ಮೊದಲನೇ ವಾರದಲ್ಲೇ. ಮಾತ್ರೆ ಕೊಡೋಕೆ ಹೋದಾಗ ಮಗೂ ಬಾಯಿಂದ ವಾಸನೆ ಬಂತು. ಚೈನು ಹಿಡ್ಕೊಂಡು ಊರೂರು ಅಳೆದವನು ನಾನು, ಎಲ್ಲ ಥರದ ಮನೆ ಜಗುಲಿ ಮೇಲೂ ಕೂತಿದ್ದೀನಿ, ಅದು ಯಾವ ವಾಸನೆ ಅಂತ ತಿಳಿಯಲ್ವ?" ಅವರು ಆಗ ತಲೆಯೆತ್ತಿದರು. "ಮುಳ್ಳು ಮೇಲೇರ್ತಿತ್ತಲ್ಲ ರಾಜೇಶ್ವರಿ. ಅವಳು ತಿಂತಿದ್ಲಲ್ಲ. ನಾನು ಬಾಯಿ ಬಿಟ್ರೆ ನೀನು ನಿಲ್ಲಿಸಿಬಿಡ್ತೀಯ ಅಂತ ಹೆದರಿ ಸುಮ್ಮನಿದ್ದೆ. ಹನ್ನೊಂದು ಗಂಟೆಗೆ ದಿನಾ ಎದ್ದು ಹೋಗ್ತಿದ್ದದ್ದು ಯಾಕೆ ಅಂದ್ಕೊಂಡಿದ್ದೀಯ?"

ಬಸವರಾಜೇಶ್ವರಿ ನಿಧಾನವಾಗಿ ಎದ್ದು ನಿಂತಳು.

"ಹಂಗಾದ್ರೆ ಡಾಕ್ಟ್ರು ಕೇಳ್ದಾಗ?"

"ನೀನು ಇಲ್ಲ ಅಂದೆ."

"ನಿಮ್ಮನ್ನೂ ಕೇಳಿದ್ರು!"

"ನೀನು ಇಲ್ಲ ಅಂದ್ಮೇಲೆ ನಾನು ಹೆಂಗೆ ಹೌದು ಅನ್ಲಿ? ಪ್ರಸಾದ ಇದ್ದ, ನರ್ಸುಗಳಿದ್ರು. ಅವರೆಲ್ಲರ ಮುಂದೆ ನಿನ್ನ ಸುಳ್ಳುಗಾತಿ ಮಾಡ್ಲಾ? ನಿನ್ನ ಮರ್ಯಾದೆ ಹೋಗಬಾರದು ಅಂತ..."

"ನಾನು ನಿಮಗೆ ಹೆದರಿ ಇಲ್ಲ ಅಂದೆ ಕಣ್ರೀ! ನಿಮ್ಮ ಮುಖ ನೋಡಿ ಇಲ್ಲ ಅಂದೆ! ಗೊತ್ತಿದ್ದೂ ಬಾಯಿ ಮುಚ್ಕೊಂಡು ನಿಂತಿದ್ರಾ? ಮಗಳು ಅಲ್ಲಿ ಸಾಯ್ತಿದ್ಲು, ನೀವು ನನ್ನ ಮರ್ಯಾದೆ ಕಾಯ್ತಿದ್ರಾ?"

ಅವಳು ಈ ಮನೆಯಲ್ಲಿ ಇಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. ಷಣ್ಮುಖಪ್ಪ ಎದ್ದರು. ಬೀದಿಯ ಕಡೆಗಿದ್ದ ಕಿಟಕಿಯ ಹತ್ತಿರ ಹೋಗಿ ಬಾಗಿಲು ಎಳೆದುಕೊಳ್ಳಲು ಕೈ ಹಾಕಿದರು.

"ಮುಚ್ಚಬೇಡಿ!" ಎಂದಳು. "ಇನ್ನೂ ಯಾರಿಗೆ ಹೆದರ್ತೀರಿ? ಇನ್ನೇನು ಉಳಿದಿದೆ ಅಂತ ಮುಚ್ತೀರಿ?"

ಅವರ ಕೈ ಸರಿಸಿ, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು, ಬೀದಿಗೆ ಮುಖ ಮಾಡಿ ಕೂಗಿದಳು.

"ನಮ್ಮನೇಲಿ ಕೋಳಿ ಬೇಯಿಸಿದ್ದೆ ಕಣ್ರಪ್ಪಾ! ನನ್ನ ಮಗಳಿಗೆ ಹಸಿ ಕೋಳಿ ತಿನ್ನಿಸಿದೆ! ಡಾಕ್ಟ್ರು ಕೇಳಿದ್ರು, ನಾನು ಹೇಳ್ಲಿಲ್ಲ!"

ಎದುರುಮನೆಯ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಶರಾವತಿ ಒಣಗಿದ ಸೀರೆ ಹಿಡಿದುಕೊಂಡು ಹಾಗೇ ನಿಂತಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಕಾಲೂರಿ ನಿಲ್ಲಿಸಿದ. ಬಸವರಾಜೇಶ್ವರಿ ಉಸಿರು ಸಾಲದೆ ಹಣೆಯನ್ನು ಕಂಬಿಗೆ ಒತ್ತಿದಳು. ಷಣ್ಮುಖಪ್ಪ ಅವಳ ಪಕ್ಕಕ್ಕೆ ಬಂದು ನಿಂತರು. ತಾವೂ ಒಂದು ಕಂಬಿ ಹಿಡಿದುಕೊಂಡರು.

"ಹೌದು," ಎಂದರು ಆ ಕಡೆಯವರಿಗೆ ಕೇಳುವಷ್ಟು ಗಟ್ಟಿಯಾಗಿ. "ನನಗೂ ಗೊತ್ತಿತ್ತು."